ವಿಭೂತಿ ನುಂಗಿದ ಕಾರು

ನಮ್ಮ ಕಾರಿನ ಬಾನೆಟ್ ಎತ್ತಿದರೆ ಇಂಜಿನ್ನಿನ ಮೇಲೆ ಬೋಗುಣಿ ಕವುಚಿಟ್ಟಂತೆ ಒಂದು ಕಪ್ಪು ಡಬ್ಬಿ ಕಾಣುತ್ತದೆ. ಇಂಜಿನ್ನು ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಡಬ್ಬಿ ಅದು. ಅದರ ನೆತ್ತಿಯಲ್ಲಿ ಎರಡು ಕಿವಿಯ ಒಂದು ನಟ್ಟು ಇದೆ. ಪಾನಾ ಬೇಡ, ಬಲ ಬೇಡ, ಎರಡು ಬೆರಳಲ್ಲಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ನನ್ನ ಮಗಳು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಅವಳ ಮಗಳು ಕಾಲೇಜಿಗೆ ಹೋಗುವ ಕಾಲದವರೆಗೆ ಆ ನಟ್ಟನ್ನು ನಾನು ಬಿಚ್ಚಲಿಲ್ಲ. ಯಾಕೆ ಬಿಚ್ಚಲಿಲ್ಲವೆಂದು ಕಂಪ್ಲಿಯಲ್ಲಿ ನಮ್ಮ ರೈಸ್ ಮಿಲ್ಲಿನ ಗೇಟಿನ ಮುಂದೆ ನಿಂತು ಒಮ್ಮೆ ಗಟ್ಟಿಯಾಗಿ ಹೇಳಿದ್ದೇನೆ. ಅಂದು ಅಲ್ಲಿ ಇಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿಗೆ ಓದು ಮುಗಿಸಿದವನು. ಮಿಲ್ಲಿನ ಚೀಟಿ ಬರೆದು ರೂಢಿಯೇ ಹೊರತು ಇಂಥದ್ದು ಬರೆದು ರೂಢಿಯಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಕಾರು ಅಪ್ಪನದು. ಪರದೇಶದಿಂದ ಬಂದದ್ದು, ಕಪ್ಪು ಬಣ್ಣ, ಎಮ್ಮೆಯ ಹಾಗೆ ಗುಂಡಗೆ. ಮುಂದಿನ ಬಾಗಿಲುಗಳು ಹಿಂದುಮುಂದಾಗಿ ತೆರೆಯುತ್ತಿದ್ದವು. ಇಳಿಯುವವರು ಕಾಲು ಮೊದಲು ಹೊರಗೆ ಹಾಕಿ ಆಮೇಲೆ ಮೈಯನ್ನು ಎಳೆದುಕೊಳ್ಳಬೇಕು. ಚಾಲೂ ಮಾಡಲು ಮೂತಿಯ ಕೆಳಗಿನ ತೂತಿಗೆ ಬಾಗಿದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಅಪ್ಪ ಹೋದ ಮೇಲೆ ಅದರ ಪೂಜೆ, ಸವಾರಿ ಎರಡೂ ನನ್ನ ಪಾಲಿಗೆ ಬಂದವು.

ನಮ್ಮದು ಶಿವಭಕ್ತರ ಮನೆ. ಆಯುಧಪೂಜೆಯ ದಿನ ಮಿಲ್ಲಿನ ತಕ್ಕಡಿ, ಮೋಟರು, ಮೂಟೆ ಎತ್ತುವ ಕೊಕ್ಕೆ, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚುತ್ತೇವೆ. ಆ ವರ್ಷ ಅವ್ವ ಮಠದಿಂದ ತಂದ ವಿಭೂತಿಯ ಗಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟು, "ಕಾರಿಗೂ ಹಚ್ಚಪಾ, ನಿಮ್ಮಪ್ಪ ಕುಂತ ಗಾಡಿ" ಎಂದಳು. ಪೇಡೆಯಷ್ಟು ದಪ್ಪದ ಗಟ್ಟಿ. ನಾನು ಉತ್ಸಾಹದಲ್ಲಿ ಇಂಜಿನ್ನನ್ನೂ ತೊಳೆಯಲು ಹೋಗಿ ಆ ಕಪ್ಪು ಡಬ್ಬಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಅದರ ಕೆಳಗೆ ಕಾರ್ಬೊರೇಟರಿನ ಬಾಯಿ ಕಾಣಿಸಿತು. ದುಂಡಗೆ, ಗೋಡೆಯ ಗೂಡಿನ ಹಾಗೆ, ಒಳಗೆ ಒಂದು ತಗಡಿನ ಮುಚ್ಚಳ. ಮೂರು ಬೆರಳಿನ ವಿಭೂತಿ ಎಳೆದು, ಉಳಿದ ಗಟ್ಟಿಯನ್ನು ಆ ಗೂಡಿನಲ್ಲಿಟ್ಟು ಮೇಲೊಂದು ಹೂವಿಟ್ಟೆ. ದೇವರ ಜಗುಲಿಯ ಗೂಡಿನಲ್ಲಿ ನಾವು ಇಡುವುದೂ ಹೀಗೆಯೇ. ಮಂಗಳಾರತಿಯಾಯಿತು, ಕಾಯಿ ಒಡೆದೆವು. ಅಷ್ಟರಲ್ಲಿ ಯಾರೋ ಹಮಾಲರು ಇನಾಮು ಕೇಳಿದರು. ನಾನು ಮಾತಾಡುತ್ತಲೇ ಹೂವನ್ನು ಎತ್ತಿ, ಡಬ್ಬಿಯನ್ನು ಕೂರಿಸಿ, ನಟ್ಟು ಬಿಗಿದೆ.

ಅವತ್ತು ನನ್ನ ಹೆಂಡತಿಯ ತಮ್ಮ ಬಂದಿದ್ದ. ಸಂಡೂರಿನವನು, ಮದುವೆಯಾಗದ ಹುಡುಗ, ಅದಿರಿನ ಲಾರಿ ಓಡಿಸುತ್ತಿದ್ದ. ನಮ್ಮ ಕಾರೆಂದರೆ ಅವನಿಗೆ ಜೀವ. "ಮಾಮಾ, ಅಕ್ಕನ್ನ ಕೂಸನ್ನ ಹಂಪಿಗೆ ಒಂದ್ ರೌಂಡ್ ಕರ್ಕೊಂಡು ಹೋಗ್ಲೇನ್ರಿ?" ಎಂದ. ನಾನೇ ಒಪ್ಪಿದೆ. ಹ್ಯಾಂಡಲ್ ಹಾಕಿ ಒಂದೇ ಏಟಿಗೆ ಚಾಲೂ ಮಾಡಿ, ಲಿಂಬೆಹಣ್ಣು ತುಳಿಸಿಕೊಂಡು ಹೋದ.

ಬುಕ್ಕಸಾಗರ ದಾಟುವ ಹೊತ್ತಿಗೆ ಕಾರು ಕೆಮ್ಮಿತಂತೆ, ಬಿಕ್ಕಿತಂತೆ, ಭತ್ತದ ಗದ್ದೆಗಳ ನಡುವೆ ನಿಂತೇಬಿಟ್ಟಿತಂತೆ. ಸಂಜೆ ಒಂದು ಟ್ರ್ಯಾಕ್ಟರು ಹಗ್ಗ ಕಟ್ಟಿ ಅದನ್ನು ಎಳೆದುಕೊಂಡು ಬಂತು. ಟ್ರೇಲರಿನಲ್ಲಿ ನನ್ನ ಹೆಂಡತಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹಬ್ಬದ ದಿನ, ಗೇಟಿನ ಮುಂದೆ ಅರ್ಧ ಕಂಪ್ಲಿ ನೆರೆದಿತ್ತು. ನನಗೆ ಅವಮಾನವಾಯಿತು. ಎಲ್ಲರ ಮುಂದೆ, "ಗಣಿ ಲಾರಿ ಓಡ್ಸೋ ಕೈಗೆ ಕಾರ್ ಕೊಟ್ರ ಹಿಂಗ ಆಗೋದು! ಹೆಂಗ ಬೇಕಾದ್ರ ಹಂಗ ಓಡ್ಸಿ ಕೊಂದಿ ಅದನ್ನ" ಎಂದೆ.

ಅವನು ಹ್ಯಾಂಡಲ್ಲನ್ನು ಕೈಗೆ ತಗೊಂಡ. ಹೊಡೆಯುತ್ತಾನೇನೋ ಎಂದು ಒಂದು ಹೆಜ್ಜೆ ಹಿಂದೆ ಸರಿದೆ, ಅದೂ ಎಲ್ಲರಿಗೂ ಕಾಣಿಸಿತು. ಅವನು ಹೇಳಿದ್ದು ಇಷ್ಟೇ: "ನಾ ಕೆಡಿಸಿದ್ನೋ ಇಲ್ಲೋ, ನೀವ ಬಿಚ್ಚಿ ನೋಡ್ರಿ ಮಾಮಾ. ನೋಡಿ ಹೇಳೋತನಕ ಈ ಹ್ಯಾಂಡಲ್ ನನ್ನ ಹತ್ರ ಇರ್ತೈತಿ, ನಿಮ್ಮ ಹೊಸ್ತಿಲಾನೂ ತುಳಿಯಂಗಿಲ್ಲ." ಹಾಗೆ ಹೇಳಿ ಹೆಗಲ ಮೇಲೆ ಹ್ಯಾಂಡಲ್ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಅವತ್ತೇ ದೀಪ ಹಚ್ಚುವ ಹೊತ್ತಿಗೆ ಅವ್ವ, "ವಿಭೂತಿ ಗಟ್ಟಿ ಎಲ್ಲಿಟ್ಟೆಪಾ?" ಎಂದು ಕೇಳಿದಳು. ನನ್ನ ಕೈಗೆ ತಟ್ಟನೆ ನೆನಪಾಯಿತು. ಎದ್ದು ಶೆಡ್ಡಿಗೆ ಹೋದೆ. ಬಾನೆಟ್ ಎತ್ತಿದೆ. ಎರಡು ಬೆರಳನ್ನು ಆ ನಟ್ಟಿನ ಮೇಲೆ ಇಟ್ಟೆ. ಬಿಚ್ಚಿದರೆ ತಪ್ಪು ನನ್ನದಾಗುತ್ತಿತ್ತು. ಬಿಚ್ಚದಿದ್ದರೆ ಯಾರದೆಂದು ಗೊತ್ತಾಗುವಂತಿರಲಿಲ್ಲ. ಬಾನೆಟ್ ಮುಚ್ಚಿ ಒಳಗೆ ಬಂದು, "ಎಲ್ಲೋ ಬಿದ್ದಿರಬೇಕು ಬಿಡವ್ವಾ" ಎಂದೆ.

ಕಾರಿನ ವಿಷಯ ಅಲ್ಲಿಗೆ ನಿಂತಿತು. ಮಿಲ್ಲಿಗೆ ಹೊಸ ಗಾಡಿ ಬಂತು. ಕೇಳಿದವರಿಗೆ "ಪರದೇಶದ ಇಂಜಿನ್ನು, ಸಾಮಾನು ಸಿಗಂಗಿಲ್ಲ" ಎನ್ನುತ್ತಿದ್ದೆ. ಪ್ರತಿ ಆಯುಧಪೂಜೆಗೆ ಅದನ್ನೂ ತೊಳೆದು, ಬಾನೆಟ್ ಎತ್ತಿ, ಆ ನಟ್ಟಿನ ಮೇಲೆ ಕಾಣದ ಹಾಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದೆ. ನೋಡಿದವರು ಭಕ್ತಿ ಅಂದುಕೊಂಡರು.

ಬವಣೆ ಪಟ್ಟವಳು ನನ್ನ ಹೆಂಡತಿ. ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ಬಂದವನಿಗೆ ಕಾಲಿಗೆ ನೀರು ಕೊಟ್ಟು, ಉಂಡಿ ತಿನ್ನಿಸಿ, ಆಮೇಲೆ ಹೊರಡುವುದು. ಇವಳ ತಮ್ಮ ಒಂದು ವರ್ಷವೂ ತಪ್ಪಿಸಲಿಲ್ಲ. ಆದರೆ ನಮ್ಮ ಓಣಿಯ ಮೂಲೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಹೇಳಿಕಳಿಸುತ್ತಿದ್ದ. ಇವಳು ಚೀಲ ಹಿಡಿದು ಅಲ್ಲಿಗೆ ಹೋಗಬೇಕು. ಉಂಡಿಯ ಡಬ್ಬಿಯನ್ನು ಅಲ್ಲೇ ಬಿಚ್ಚಬೇಕು. ಚಹಾದಂಗಡಿಯವನಿಗೆ ಮಾತ್ರ ಪ್ರತಿ ವರ್ಷ ನಮ್ಮ ಮನೆಯ ಉಂಡಿ ತಪ್ಪದೆ ಸಿಕ್ಕಿತು.

ಹೋದ ವರ್ಷ ಶ್ರಾವಣಕ್ಕೆ ಮುಂಚೆ ಇವಳ ಮೊಣಕಾಲು ಕೈಕೊಟ್ಟಿತು. ಮೂಲೆಯವರೆಗೂ ನಡೆಯಲಾರಳು. ಒಂದು ಮಧ್ಯಾಹ್ನ ಎಳ್ಳು ಹುರಿಯುತ್ತ ಹೇಳಿದಳು: "ಈ ಸಲ ನಾ ಮೂಲಿಗೆ ಹೋಗಂಗಿಲ್ಲ. ಅವ ಒಳಗ ಬಂದು ಕರದ್ರ ಹೋಗ್ತೀನಿ. ಇಲ್ಲಾ ಅಂದ್ರ ತವರು ಮುಗೀತು ಅಂತ ತಿಳ್ಕೊಂತೀನಿ."

"ಆಟೋ ತರಸ್ತೀನಿ ಬಿಡು."

"ಆಟೋದಾಗ ಕುಂತು ಚಹಾದಂಗಡಿಗೆ ಹೋಗ್ಬೇಕೇನ್ರಿ? ನಾಚಿಕಿ ಆಗಂಗಿಲ್ಲ ನಿಮಗ?"

ಆಗ ನನಗೊಂದು ಉಪಾಯ ಹೊಳೆಯಿತು. ಕಾರನ್ನೇ ರಿಪೇರಿ ಮಾಡಿಸಿದರೆ? ಓಡುವ ಕಾರಿನ ಮೇಲೆ ಯಾರಿಗೆ ಜಗಳವಿರುತ್ತದೆ? ಅವಳನ್ನು ಅದರಲ್ಲೇ ಮೂಲೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಅವನು ತಾನಾಗಿ ನಕ್ಕುಬಿಡುತ್ತಾನೆ, ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಈ ವಯಸ್ಸಿನಲ್ಲೂ ನನ್ನ ಬುದ್ಧಿ ಓಡಿದ ದಿಕ್ಕು ಇದು.

ಹೊಸಪೇಟೆಯಿಂದ ಹಳೇ ಗಾಡಿಗಳ ಹುಚ್ಚಿನ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ನಡುವಯಸ್ಸಿನವನು, ಬಾಯಲ್ಲಿ ಸದಾ ಅಡಿಕೆ, ಮಾತಿಗೊಂದು ಚಟಾಕಿ. ಕಾರಿನ ಸುತ್ತ ಎರಡು ಸಲ ತಿರುಗಿದ. ನಾಲ್ಕೂ ಗಾಲಿಯ ಕೆಳಗೆ ಇಟ್ಟಿಗೆ, ಸೀಟಿನ ಒಳಗೆ ಇಲಿಯ ಸಂಸಾರ.

"ಸಾವ್ಕಾರ್ರ, ಗಾಡಿ ಮಸ್ತ್ ಐತ್ರಿ. ಹೊರಗ ನೋಡಿದ್ರ ಮದುಮಗ. ಒಳಗ ಏನೈತೋ!"

"ಪ್ರತಿ ವರ್ಷ ಪೂಜಿ ಆಗೈತಿ."

"ಪೂಜಿ ದೇವ್ರಿಗೆ ಸಾಕ್ರಿ. ಇಂಜಿನ್ನಿಗೆ ಎಣ್ಣಿ ಬೇಕು" ಎಂದು ಬಾನೆಟ್ ಎತ್ತಿದ. ಒಣಗಿದ ಮಾಲೆಯನ್ನು ತೆಗೆದು ಎಸೆದ. ನಾನು ತಡೆಯುವಷ್ಟರಲ್ಲಿ ಎರಡು ಬೆರಳಲ್ಲಿ ನಟ್ಟು ತಿರುಗಿಸಿ ಡಬ್ಬಿಯನ್ನು ಎತ್ತಿಬಿಟ್ಟ.

ಗೂಡಿನಂಥ ಆ ಬಾಯಲ್ಲಿ ಬೂದುಬಣ್ಣದ ಗಟ್ಟಿ ಕೂತಿತ್ತು. ಅರ್ಧ ಕರಗಿ ಪುಡಿಯಾಗಿ ಒಳಗಿಳಿದು, ಹಳೇ ಪೆಟ್ರೋಲಿನ ಜಿಗುಟಿನೊಂದಿಗೆ ಸೇರಿ ಕಲ್ಲಾಗಿತ್ತು. ಮೇಸ್ತ್ರಿ ಉಗುರಿನಿಂದ ಕೆರೆದು ನೋಡಿದ.

"ಏನ್ರಿ ಇದು, ಸಿಮೆಂಟಾ? ಕಾರ್ಬೊರೇಟರ್‌ಗೆ ಯಾರ್ರಿ ಗಿಲಾವ್ ಮಾಡ್ಯಾರ?"

"ಧೂಳು ಇರಬೇಕು" ಎಂದೆ. ಕೊನೆಯ ಸುಳ್ಳು ಅದು.

ಅವನು ಮೂಸಿ ನೋಡಿ, ನನ್ನ ಹಣೆ ನೋಡಿ, ಮತ್ತೆ ಮೂಸಿದ. ಪ್ಲಗ್ಗುಗಳನ್ನು ಬಿಚ್ಚಿ ಟಾರ್ಚು ಹಾಕಿ ಒಳಗೆ ಇಣುಕಿದ. ವಿಭೂತಿ ಅಲ್ಲಿಗೂ ಹೋಗಿತ್ತು. ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಡೀಸೆಲ್ಲು, ಇಂಜಿನ್ ಎಣ್ಣೆ ಬೆರೆಸಿ ಒಂದೊಂದು ತೂತಿಗೂ ಹೊಯ್ದ. "ನೆನೀಲಿ. ಆಮ್ಯಾಗ ನಿಧಾನಕ ಕೈಯಾಗ ತಿರುವಬೇಕು. ದೂಡಿದ್ರ ಒಳಗಿಂದು ಮುರೀತೈತಿ. ಹ್ಯಾಂಡಲ್ ಕೊಡ್ರಿ ಸಾವ್ಕಾರ್ರ."

"ಹ್ಯಾಂಡಲ್ ಇಲ್ಲ."

ಅವನು ತನ್ನ ಗ್ಯಾರೇಜಿನಿಂದ ನಾಲ್ಕಾರು ತರಹದ ಹ್ಯಾಂಡಲ್ ತಂದು ತೂರಿಸಿ ನೋಡಿದ. ಒಂದೂ ಹಿಡಿಯಲಿಲ್ಲ. ಇದರ ಹಲ್ಲು ಬೇರೆಯಂತೆ. ಸರಿಯಾದ ಹ್ಯಾಂಡಲ್ ಇದ್ದದ್ದು ಸಂಡೂರಿನಲ್ಲಿ. ಅದನ್ನು ಇಟ್ಟುಕೊಂಡವನು ಹಾಕಿದ ಷರತ್ತು ನನಗೆ ಚೆನ್ನಾಗಿ ನೆನಪಿತ್ತು.

ಮೇಸ್ತ್ರಿ ಹೋದ ಮೇಲೆ ಗಟ್ಟಿಯ ಒಂದು ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಹೋದೆ. ಇವಳು ಬೆಲ್ಲ ಕುಟ್ಟುತ್ತಿದ್ದಳು. ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವ್ವ ಕೊಟ್ಟದ್ದು, ನಾನು ಇಟ್ಟದ್ದು, ಆ ಸಂಜೆ ನಟ್ಟಿನ ಮೇಲೆ ಬೆರಳಿಟ್ಟು ತೆಗೆದದ್ದು. ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಬೆಲ್ಲ ಹಿಟ್ಟಿನಂತೆ ನುಣ್ಣಗಾಗಿ, ಇನ್ನು ಕುಟ್ಟಲು ಏನೂ ಉಳಿಯದಾಗ ಹೇಳಿದಳು:

"ಇಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಮರೆವು ಯಾರಿಗಿಲ್ಲ? ಬಿಚ್ಚಲಿಲ್ಲಲ್ಲ, ಅದಕ್ಕ ನಿಮಗ ಏನ್ ಮಾಡ್ಲಿ ಹೇಳ್ರಿ."

"ಏನ್ ಬೇಕಾದ್ರೂ ಮಾಡು."

"ನನಗ ಹೇಳಿ ಏನ್ ಪುಣ್ಯ? ಮುಂಜಾನಿ ಬಸ್ ಹತ್ರಿ. ಅವ ಹೊಡದ್ರ ಹೊಡಸ್ಕೊಂಡು ಬರ್ರಿ."

ಮರುದಿನ ಹೊಸಪೇಟೆಗೆ ಹೋಗಿ ಬಸ್ಸು ಬದಲಿಸಿ ಸಂಡೂರಿಗೆ ಹೋದೆ. ಮಳೆಗಾಲವಾದ್ದರಿಂದ ಗುಡ್ಡಗಳು ಹಸಿರಾಗಿ, ರಸ್ತೆಯ ಕೆಂಪು ಕೆಸರು ಬಸ್ಸಿನ ಕಿಟಕಿಯವರೆಗೆ ಸಿಡಿದಿತ್ತು. ಅವನ ಮನೆ ಕಂಡುಹಿಡಿಯಲು ಕೇಳಿಕೊಂಡು ಹೋಗಬೇಕಾಯಿತು. ಅವನ ಮದುವೆಗೂ ನಾನು ಹೋಗಿರಲಿಲ್ಲ.

ಹಿತ್ತಲಿನ ಬಾಗಿಲಿಗೆ ಅಗುಳಿಯ ಬದಲು ನಮ್ಮ ಹ್ಯಾಂಡಲ್ ಅಡ್ಡ ಬಿದ್ದಿತ್ತು. ಹಿಡಿಯುವ ಜಾಗ ಸವೆದು ಥಳಥಳ ಹೊಳೆಯುತ್ತಿತ್ತು. ಅವನು ಬನಿಯನ್ನಿನಲ್ಲಿ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಅಕ್ಕ ಆರಾಮ್ ಅದಾಳೇನ್ರಿ?" ಧ್ವನಿ ಗಾಬರಿಯದು. ನಾನು ಬಂದೆನೆಂದರೆ ಕೆಟ್ಟ ಸುದ್ದಿಯೇ ಇರಬೇಕೆಂದು ಅಂದುಕೊಂಡಿದ್ದ.

"ಆರಾಮ್ ಅದಾಳ. ನಾ ಬಿಚ್ಚಿ ನೋಡ್ದೆ" ಎಂದು ಕರವಸ್ತ್ರ ಬಿಡಿಸಿ ಮುಂದೆ ಹಿಡಿದೆ. ನಿಂತುಕೊಂಡೇ ಹೇಳಿ ಮುಗಿಸಿದೆ, ಅವನು ಕುಂದ್ರಿ ಅನ್ನುವ ಮೊದಲು. ಆ ಸಂಜೆಯೇ ಗೊತ್ತಾಗಿತ್ತೆಂಬುದನ್ನೂ ಬಿಡದೆ ಹೇಳಿದೆ.

ಅವನು ಚೂರನ್ನು ಅಂಗೈ ಮೇಲೆ ಉರುಳಿಸಿದ. ಮೊದಲು ಮೂಗಿನಲ್ಲಿ ನಕ್ಕ, ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಎಲ್ಲಾ ಬಿಟ್ಟು ಬಾಯಾಗ ಇಟ್ರೇನ್ರಿ! ಮನಷ್ಯಾರ ಬಾಯಾಗ ಇಟ್ಟಿದ್ರೂ ಉಸಿರು ನಿಲ್ತಿತ್ತಲ್ರೀ ಮಾಮಾ!" ನಾನೂ ನಗಲು ಹೊರಟಾಗ ಅವನ ನಗು ನಿಂತಿತು. "ಈಗ ನಗಿ ಬರ್ತೈತಿ. ಅವತ್ತು ಸಂಡೂರು ಬರೋತನಕ ಬಸ್ಸಿನ್ಯಾಗ ಅತ್ತೀನಿ. ಲಾರಿ ಹತ್ತಿದಾಗೆಲ್ಲ ನಿಮ್ಮ ಮಾತ ನೆನಪಾಗ್ತಿತ್ತು. ನಾನ ಕೆಡಿಸಿದ್ನೇನೋ ಅಂತ ನನಗೂ ಒಮ್ಮೊಮ್ಮೆ ಅನಸ್ತಿತ್ತು."

ಆ ಕೊನೆಯ ಮಾತು ನಾನು ಎಣಿಸಿರದ ಮಾತು. ಅವನು ನನ್ನ ಮೇಲೆ ಸಿಟ್ಟಿನಲ್ಲಿದ್ದಾನೆ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ.

"ಹ್ಯಾಂಡಲ್ ಕೊಡು ತಮ್ಮಾ. ಪಂಚಮಿಗೆ ಮನಿಗೆ ಬಾ."

"ಹ್ಯಾಂಡಲ್ ಕೊಡಂಗಿಲ್ರಿ. ನಾನ ತರ್ತೀನಿ. ಆದ್ರ ಒಂದ್ ಮಾತು. ಅಂದಿದ್ದು ಗೇಟಿನ ಮುಂದ. ಇದನ್ನೂ ಗೇಟಿನ ಮುಂದ ಹೇಳ್ಬೇಕು. ಅಡಗಿಮನ್ಯಾಗ ಹೇಳಿದ್ದು, ಹಿತ್ತಲದಾಗ ಹೇಳಿದ್ದು ಲೆಕ್ಕಕ್ಕಿಲ್ಲ."

ಹೂಂ ಎಂದೆ. ಅಗುಳಿ ಕಳೆದುಕೊಳ್ಳಲಿದ್ದ ಹಿತ್ತಲ ಬಾಗಿಲಿಗೆ ಅವನ ಹೆಂಡತಿ ಒಂದು ಒನಕೆಯನ್ನು ಹುಡುಕಿ ತಂದಳು.

ಪಂಚಮಿಗೆ ಮುಂಚೆ ಮೇಸ್ತ್ರಿ ಉಳಿದ ಕೆಲಸ ಮುಗಿಸಿದ. ಕಾರ್ಬೊರೇಟರನ್ನು ಬಿಚ್ಚಿ ನೆನೆಹಾಕಿ ಸಣ್ಣ ತಂತಿಯಿಂದ ತೂತು ಬಿಡಿಸಿದ. ಬಳ್ಳಾರಿಯಿಂದ ಟೈರು ಬಂದವು. ಇಲಿಗಳನ್ನು ಮನೆ ಖಾಲಿ ಮಾಡಿಸಿದ. ಪೆಟ್ರೋಲ್ ಟ್ಯಾಂಕಿನೊಳಗೆ ಜಲ್ಲಿ ಹಾಕಿ, ಇಬ್ಬರು ಹಮಾಲರಿಂದ ಕೊಡ ಕುಲುಕಿದ ಹಾಗೆ ಕುಲುಕಿಸಿ ತುಕ್ಕು ತೆಗೆಸಿದ. ಟ್ಯಾಂಕು ಒಣಗುವವರೆಗೆ ಬಾನೆಟ್ಟಿನ ಮೇಲೊಂದು ಗಳ ಕಟ್ಟಿ, ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಪೆಟ್ರೋಲು ತುಂಬಿ ನಳಿಕೆ ಇಳಿಬಿಟ್ಟ. "ಪೇಶೆಂಟ್‌ಗೆ ಗ್ಲೂಕೋಸ್ ಹಚ್ಚೀನ್ರಿ. ಇನ್ನ ಬಳಗದಾರು ಬಂದು ಮಾತಾಡಿಸಬೇಕು, ಅಷ್ಟ."

ಹಬ್ಬದ ಹಿಂದಿನ ದಿನ ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿದೆವು. ಅವನು ಬಸ್ಸಿಳಿದು ಹೆಗಲ ಮೇಲೆ ಹ್ಯಾಂಡಲ್ ಇಟ್ಟುಕೊಂಡು, ಹೋದ ದಾರಿಯಲ್ಲೇ ನಡೆದು ಬಂದ. ಚಹಾದಂಗಡಿಯವನು ಅಭ್ಯಾಸದಿಂದ ಬೆಂಚು ಒರೆಸಿದವನು, ಇವನು ನಿಲ್ಲದೆ ಮುಂದೆ ಹೋದದ್ದನ್ನು ಕಂಡು ಅಂಗಡಿ ಬಿಟ್ಟು ಹಿಂದೆಯೇ ಬಂದ. ಹಮಾಲರು, ಎದುರು ಅಂಗಡಿಯವರು, ಅಕ್ಕಿ ಒಯ್ಯಲು ಬಂದ ರೈತರು ಸೇರಿದರು. ಇವಳು ಗೇಟಿನೊಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

ಮೊದಲು ಮೆಲ್ಲಗೆ ಶುರು ಮಾಡಿದೆ.

"ಕೇಳವಲ್ತು ಮಾಮಾ" ಎಂದ ಅವನು. "ಅವತ್ತು ಭಾಳ ಗಟ್ಟಿ ಇತ್ತು ನಿಮ್ಮ ದನಿ."

ಗಟ್ಟಿಯಾಗಿ ಹೇಳಿದೆ. ಕಾರು ಕೆಡಿಸಿದವನು ಇವನಲ್ಲ, ನಾನು. ವಿಭೂತಿ ಇಟ್ಟವನು ನಾನು. ಗೊತ್ತಿದ್ದೂ ಬಿಚ್ಚದೆ ಇವನ ಮೇಲೆ ಹೊರೆ ಹೊರಿಸಿದವನು ನಾನು. ತಪ್ಪಾಯಿತು. ಒಬ್ಬ ಮುದಿ ಹಮಾಲ, "ಹಂಗಾರ ಅವತ್ತು ನಾವು ಇನಾಮು ಕೇಳಿದ್ದಕ್ಕ ಇಷ್ಟೆಲ್ಲಾ ಆತೇನ್ರಿ ಸಾವ್ಕಾರ್ರ?" ಎಂದ. ಎಲ್ಲರೂ ಗೊಳ್ಳೆಂದರು. ಇವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ತಮ್ಮ ಅದನ್ನು ನೋಡಿ ಮುಖ ತಿರುಗಿಸಿ ಕಾರಿನ ಮುಂದೆ ಬಗ್ಗಿದ.

ಹ್ಯಾಂಡಲ್ ತನ್ನ ತೂತಿನಲ್ಲಿ ಕಟಕ್ಕೆಂದು ಕೂತಿತು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು ಹಿಡಿದ. ಇಂಜಿನ್ನು ಹಿಂದಕ್ಕೆ ಒದ್ದರೆ ಬೆರಳು ಮುರಿಯದಂತೆ ಹಾಗೆಯೇ ಹಿಡಿಯಬೇಕು. ನಿಧಾನಕ್ಕೆ ತಿರುವಿದ. ಒಳಗೆಲ್ಲೋ ಬೀಸುವ ಕಲ್ಲಿನಂಥ ಸದ್ದು. ಇನ್ನೊಮ್ಮೆ ತಿರುವಿದ, ಹಗುರಾಯಿತು. ಮೇಸ್ತ್ರಿ ಬಾಟಲಿಯ ನಳಿಕೆ ಬಿಟ್ಟ. ಒಂದು ಎಳೆತಕ್ಕೆ ಸುಮ್ಮನಿತ್ತು. ಮತ್ತೊಂದಕ್ಕೆ ಸೀನಿತು. ಅವನು ಅಂಗೈಗೆ ಉಗುಳು ಹಚ್ಚಿಕೊಂಡು, "ಏಳು ನಮ್ಮವ್ವಾ" ಎಂದು ಮೈಯೆಲ್ಲ ಹಾಕಿ ಎಳೆದ.

ಢಮ್ಮೆಂದಿತು. ಹಿಂದಿನ ಕೊಳವೆಯಿಂದ ಬೂದಿಯೋ ಮಸಿಯೋ, ಇಷ್ಟು ವರ್ಷದ್ದೆಲ್ಲ ಒಮ್ಮೆಗೇ ಹಾರಿ ಹಿಂದೆ ನಿಂತವರ ಮೈಮೇಲೆ ಕೂತಿತು. ಎಲ್ಲರಿಗಿಂತ ಹತ್ತಿರ ನಿಂತವನು ನಾನು. ಹೊಗೆಯೊಳಗಿಂದ ಇಂಜಿನ್ನಿನ ಸದ್ದು ಮೊದಲು ತೊದಲಿ, ಆಮೇಲೆ ಲಯ ಹಿಡಿದು, ಅಪ್ಪನ ಕಾಲದ ಹಾಗೆಯೇ ಗುಡುಗುಡು ಎನ್ನತೊಡಗಿತು.

"ಎಲ್ಲಾರ್ಗೂ ಪ್ರಸಾದ ಸಿಕ್ತು!" ಎಂದು ಮೇಸ್ತ್ರಿ ಕೂಗಿದ.

ಕುರ್ಚಿಯಿಂದ ಇವಳು ತಮ್ಮನಿಗೆ ಹೇಳಿದ್ದು ಒಂದೇ ಮಾತು: "ಬಾರೋ ಒಳಗ. ಕಾಲಿಗೆ ನೀರು ಇಟ್ಟೀನಿ." ಅವನು ಚಪ್ಪಲಿ ಬಿಟ್ಟು ಕಾಲು ತೊಳೆದು ಹೊಸ್ತಿಲು ದಾಟಿದ. ಉಂಡಿ ಎಷ್ಟು ತಿಂದನೆಂದು ಯಾರೂ ಲೆಕ್ಕವಿಡಲಿಲ್ಲ. ಚಹಾದಂಗಡಿಯವನೂ ಪಕ್ಕದಲ್ಲೇ ಕೂತಿದ್ದ. ವಾಡಿಕೆ ತಪ್ಪಬಾರದಲ್ಲ.

ಅಷ್ಟರಲ್ಲಿ ಮೇಸ್ತ್ರಿ ಸಲೈನ್ ಬಾಟಲಿ ಬಿಚ್ಚಿ, ಒಣಗಿದ ಟ್ಯಾಂಕನ್ನು ಜೋಡಿಸಿದ. ಸಂಡೂರಿಗೆ ಹೊರಡುವ ಮುಂಚೆ ಅವತ್ತು ಅರ್ಧಕ್ಕೆ ನಿಂತ ಹಂಪಿಯ ಸವಾರಿ ಮುಗಿಸಬೇಕೆಂದು ಇವಳ ಹಟ. ಅವನು ಓಡಿಸುವವನು, ಇವಳು ಮುಂದೆ ಅವನ ಪಕ್ಕ. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದಾಗ, "ಹಿಂದ ಕುಂದ್ರಿ" ಎಂದಳು. ಹಿಂದೆ ಕೂತೆ. ಮೊದಲಿನ ಹಾಗೆ ಕಾರಿಗೆ ವಿಭೂತಿ ಹಚ್ಚಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬುಕ್ಕಸಾಗರ ಬಂತು. ಎರಡೂ ಕಡೆ ಆಗಷ್ಟೇ ನಾಟಿಯಾದ ಗದ್ದೆಗಳು. ಅವತ್ತು ನಿಂತ ಜಾಗವನ್ನು ಇವಳು ಬೆರಳು ಮಾಡಿ ತೋರಿಸುವಷ್ಟರಲ್ಲಿ ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡ ಯಜಮಾನನ ಹಾಗೆ ಮುಂದಕ್ಕೆ ಓಡಿತು. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ.

"ಮಾಮಾ, ಮತ್ತೇನರ ಇಟ್ಟೀರೇನ್ರಿ?"

ನಾನು ಎರಡೂ ಅಂಗೈಗಳನ್ನು ಎತ್ತಿ ಕನ್ನಡಿಗೆ ಹಿಡಿದು ತೋರಿಸಿದೆ. ಹಂಪಿ ಬರುವವರೆಗೆ ಕೆಳಗಿಳಿಸಬೇಡಿರಿ ಎಂದು ಇವಳು ಅಪ್ಪಣೆ ಕೊಟ್ಟಳು.